ದೆಹಲಿಯ ಹೊಸ್ತಿಲಿಗೆ ನಮ್ಮ ಸುಣ್ಣ ಬಣ್ಣ



ಮಳೆ ಹಿಂದೆ ಸರಿದು, ರಾತ್ರಿ ಫ್ಯಾನಿನ ವೇಗವನ್ನು ಒಂದು ಮೆಟ್ಟಿಲು ಇಳಿಸುವ ಹೊತ್ತಿಗೆ ದಿಲ್ಲಿಯ ಲೇಬರ್ ಚೌಕಗಳಲ್ಲಿ ಒಂದು ದೃಶ್ಯ ನಿಮ್ಮ ಕಣ್ಣಿಗೆ ಬಿದ್ದೇ ಬಿದ್ದಿರುತ್ತದೆ. ಬಣ್ಣದ ಖಾಲಿ ಡಬ್ಬಿ, ಅದರ ಮೇಲೆ ಅಡ್ಡಡ್ಡ ಜೋಡಿಸಿಟ್ಟ ಕುಂಚಗಳು, ಹಿಂದೆ ಬೀಡಿ ಸೇದುತ್ತಾ ಕೂತ ಸಫೇದಿವಾಲಾ. ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡಿಲ್ಲ, ಕುಂಚವೇ ಜಾಹೀರಾತು. ದೀಪಾವಳಿಗೆ ಮುಂಚೆ ಈ ಊರು ಮುಖ ತೊಳೆದುಕೊಳ್ಳುವ ಕಾಲ ಇದು. ‘ನಮ್ಮ ಮನೆಯ ಮುಂಭಾಗವನ್ನೂ ಸ್ವಲ್ಪ ಚೆಂದ ಮಾಡಿಸೋಣ, ಆದರೆ ಜೇಬಿಗೆ ಭಾರವಾಗಬಾರದು’ ಎಂದು ನೀವೂ ಲೆಕ್ಕ ಹಾಕುತ್ತಿರಬಹುದು. ಲೆಕ್ಕ ಹಾಕುವ ಮುಂಚೆ ಸ್ವಲ್ಪ ಚರಿತ್ರೆ ಕೇಳಿ. ಈ ಊರಿನಲ್ಲಿ ಮನೆಯ ಮುಂಭಾಗ ಎಂದೂ ಸುಲಭದ ವಿಷಯವಾಗಿರಲಿಲ್ಲ.

ಊರಿನ ಹೆಸರಿನಿಂದಲೇ ಶುರು ಮಾಡೋಣ. ಇಲ್ಲಿನವರು ದಿಲ್ಲಿ ಎನ್ನುತ್ತಾರೆ, ನಮ್ಮ ಪತ್ರಿಕೆಗಳು ‘ದೆಹಲಿ’ ಎಂದು ಬರೆಯುತ್ತವೆ. ಸಂಸ್ಕೃತದಲ್ಲಿ ‘ದೇಹಲೀ’ ಎಂದರೆ ಹೊಸ್ತಿಲು. ಉತ್ತರದ ಬಯಲಿಗೆ ಹೊಸ್ತಿಲಿನಂತಿದ್ದ ಊರು, ಆದ್ದರಿಂದ ಆ ಹೆಸರು ಎನ್ನುವುದು ಒಂದು ವಾದ. ಢಿಲ್ಲು ಎಂಬ ರಾಜನ ಹೆಸರಿನಿಂದ ಬಂತು ಎನ್ನುವವರಿದ್ದಾರೆ. ಮೆಹರೌಲಿಯ ಕಬ್ಬಿಣದ ಕಂಬವನ್ನು ಅಲ್ಲಾಡಿಸಿದಾಗ ಅದು ‘ಢೀಲಿ’, ಅಂದರೆ ಸಡಿಲ ಆಯಿತು, ಅದರಿಂದ ಈ ಹೆಸರು ಎಂಬ ಕತೆಯೂ ಇದೆ. ಯಾವುದು ಸರಿಯೋ ವಿದ್ವಾಂಸರು ನೋಡಿಕೊಳ್ಳಲಿ. ನನಗಂತೂ ಹೊಸ್ತಿಲಿನ ಕತೆಯೇ ಇಷ್ಟ. ‘ದೇಹಲೀ ದೀಪ ನ್ಯಾಯ’ ಎಂದು ನಮ್ಮ ಪಂಡಿತರು ಹೇಳುತ್ತಿದ್ದರಲ್ಲ, ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಕು ಕೊಡುತ್ತದೆ ಎಂದು, ಅದೇ ‘ದೇಹಲಿ’ ಇದು.

ಊರಲ್ಲಿ ನಮ್ಮ ಹಿರಿಯರ ಮನೆಯ ಮುಂಭಾಗ ನೆನಪಿದೆಯೇ? ಜಗುಲಿ, ಜಗುಲಿಯ ಅಂಚಿಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಸುಣ್ಣ, ಸೆಗಣಿ ಹಾಕಿ ಸಾರಿಸಿದ ಅಂಗಳ, ಅದರ ಮೇಲೆ ರಂಗೋಲಿ. ಎಲ್ಲವೂ ಕೈಗೆಟುಕುವ ದೂರದಲ್ಲಿ ಸಿಗುವ ಸಾಮಾನು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನೇ ನೋಡಿ. ಅಕ್ಕಿ ಅರೆದು ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಅಕ್ಕಿಯನ್ನು ಕಪ್ಪಗೆ ಹುರಿದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಕುಂಚಕ್ಕೆ ಪುಂಡಿ ನಾರು. ಕೆಮ್ಮಣ್ಣು, ಸುಣ್ಣ, ಸೆಗಣಿಗೆ ಬಜೆಟ್ ಎಂಬ ಮಾತೇ ಇರಲಿಲ್ಲ. ಆದರೆ ಇದಕ್ಕೆಲ್ಲ ಒಂದು ಷರತ್ತಿತ್ತು, ಮನೆ ನಮ್ಮದಾಗಿರಬೇಕು, ಇಲ್ಲವೇ ನಮ್ಮದೆಂದು ತಿಳಿದು ಬಾಳುವಷ್ಟು ಕಾಲ ಅಲ್ಲಿರಬೇಕು. ದಿಲ್ಲಿಯಲ್ಲಿ ಕನ್ನಡಿಗರಿಗೆ ತೊಡಕಾದದ್ದು ಇಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಳೆ ದಿಲ್ಲಿ. ಶಹಜಹಾನ್ 1639ರಲ್ಲಿ ಕಟ್ಟಲು ಆರಂಭಿಸಿದ ಶಹಜಹಾನಾಬಾದ್ ಎಂದರೆ ನಮಗೆ ಕೆಂಪು ಕಲ್ಲು, ಅಮೃತಶಿಲೆ ಕಣ್ಣ ಮುಂದೆ ಬರುತ್ತದೆ. ಫ್ರಾನ್ಸಿನ ವೈದ್ಯ ಬರ್ನಿಯೇ 1663ರಲ್ಲಿ ಇಲ್ಲಿಂದ ಬರೆದ ಪತ್ರ ಓದಿದರೆ ಬೇರೆಯೇ ಊರು ಕಾಣುತ್ತದೆ. ದೊಡ್ಡ ಹವೇಲಿಗಳ ನಡುವೆ ಎಣಿಕೆಗೆ ಸಿಗದಷ್ಟು ಮಣ್ಣಿನ ಗೋಡೆ, ಹುಲ್ಲು ಚಾವಣಿಯ ಮನೆಗಳು. ಬೇಸಿಗೆಯ ಬಿರುಗಾಳಿಗೆ ಸಿಕ್ಕಿ ಒಂದೇ ವರ್ಷದಲ್ಲಿ ಮೂರು ಬಾರಿ ಬೆಂಕಿ ಬಿದ್ದು 60,000ಕ್ಕೂ ಹೆಚ್ಚು ಚಾವಣಿಗಳು ಸುಟ್ಟುಹೋದವು ಎನ್ನುತ್ತಾನೆ. ಅಂದರೆ ಬಾದಶಹನ ಕಾಲದಲ್ಲೂ ದಿಲ್ಲಿಯ ಹೆಚ್ಚಿನ ಮನೆಗಳ ಮುಂಭಾಗ ಮಣ್ಣಿನದೇ. ಶ್ರೀಮಂತರೂ ಹೊರಗೋಡೆಗೆ ದುಡ್ಡು ಸುರಿಯುತ್ತಿರಲಿಲ್ಲ. ಹವೇಲಿಯ ವೈಭವವೆಲ್ಲ ಒಳ ಅಂಗಳದಲ್ಲಿ, ಹೊರಗೆ ಬೋಳು ಗೋಡೆ. ಖರ್ಚು ಮಾಡುತ್ತಿದ್ದದ್ದು ಬಾಗಿಲಿಗೆ ಮಾತ್ರ. ಕೆತ್ತನೆಯ ಕಲ್ಲಿನ ಕಮಾನು, ಅದರ ಎರಡೂ ಬದಿಗೆ ಕೂರಲು ಕಲ್ಲಿನ ಕಟ್ಟೆ. ನಮ್ಮ ಜಗುಲಿಯ ದೂರದ ನೆಂಟ ಎನ್ನಿ.

ಚಾಂದನಿ ಚೌಕದ ಪರಾಠೆ ತಿನ್ನಲು ಹೋದಾಗ ಪಕ್ಕದ ಕಿನಾರಿ ಬಜಾರಿನೊಳಗೆ ನೌಘರಾ ಎಂಬ ಗಲ್ಲಿಯಿದೆ, ಒಮ್ಮೆ ಹೊಕ್ಕು ಬನ್ನಿ. ಜರಿ, ಗೋಟಾ, ಮದುವೆ ಹಾರಗಳ ನೂಕುನುಗ್ಗಲಿನಿಂದ ಒಂದು ಹೆಜ್ಜೆ ಒಳಗಿಟ್ಟರೆ ಸದ್ದೇ ಇಲ್ಲ. ಒಂಬತ್ತು ಜೈನ ಮನೆಗಳು, ಅದಕ್ಕೇ ನೌಘರಾ. ಬಾಗಿಲ ಸುತ್ತ ಹೂಬಳ್ಳಿಯ ಕೆತ್ತನೆ, ಅದಕ್ಕೆ ಬಣ್ಣ. ಬಿಡಿಬಿಡಿಯಾಗಿ ನೋಡಿದರೆ ಯಾವ ಮನೆಯೂ ದೊಡ್ಡದಲ್ಲ. ಒಂಬತ್ತೂ ಬಾಗಿಲು ಸೇರಿ ಗಲ್ಲಿಗೆ ಆ ಕಳೆ ಬಂದಿದೆ.

ಇನ್ನು ಹೊಸದಿಲ್ಲಿ. 1911ರ ಡಿಸೆಂಬರ್‌ನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವ ಘೋಷಣೆಯಾಯಿತು, 1931ರ ಫೆಬ್ರವರಿಯಲ್ಲಿ ಹೊಸ ನಗರದ ಉದ್ಘಾಟನೆ ನಡೆಯಿತು. ಈ ಇಪ್ಪತ್ತು ವರ್ಷಗಳಲ್ಲಿ ಇಲ್ಲಿ ಕಟ್ಟಡಗಳ ಜೊತೆಗೆ ಒಂದು ಶ್ರೇಣಿಯನ್ನೂ ಕಟ್ಟಲಾಯಿತು. ವೈಸ್‌ರಾಯ್ ಭವನದಿಂದ ನಿಮ್ಮ ಮನೆ ಎಷ್ಟು ದೂರ, ಮುಂದಿನ ಹುಲ್ಲುಹಾಸು ಎಷ್ಟು ಅಗಲ ಎಂಬುದು ನಿಮ್ಮ ಹುದ್ದೆಯನ್ನು ಸಾರಿ ಹೇಳುತ್ತಿತ್ತು. ದೊಡ್ಡ ಸಾಹೇಬರಿಗೆ ಬಿಳಿ ಬಂಗಲೆ, ಎಕರೆಗಟ್ಟಲೆ ತೋಟ. ಗುಮಾಸ್ತರಿಗೆ ಗೋಲ್ ಮಾರ್ಕೆಟ್ ಕಡೆ ಸಾಲು ಮನೆಗಳು. ಮುಂಭಾಗ ಹೇಗಿರಬೇಕು, ಯಾವ ಬಣ್ಣ, ಎಷ್ಟು ಎತ್ತರ ಎಲ್ಲವನ್ನೂ ನಿರ್ಧರಿಸುವವನು ಸರ್ಕಾರಿ ಎಂಜಿನಿಯರ್. ಒಳಗೆ ಇರುವವನದು ವಾಸ ಅಷ್ಟೇ. ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ಹೋಗಲಿಲ್ಲ. ಸಂಬಳದ ದರ್ಜೆಗೆ ತಕ್ಕಂತೆ ಟೈಪ್ ಒಂದು, ಟೈಪ್ ಎರಡು ಎಂದು ನಂಬರು ಬಂತು. ನಮ್ಮವರ ಮದುವೆ ಮಾತುಕತೆಗಳಲ್ಲಿ ‘ಹುಡುಗನ ತಂದೆಗೆ ಟೈಪ್ ಫೋರ್ ಕ್ವಾರ್ಟರ್ಸಂತೆ’ ಎಂಬ ಮಾತು ಗೋತ್ರ, ನಕ್ಷತ್ರದ ಜೊತೆಗೇ ಬರುತ್ತಿತ್ತು!

1941ರ ಜನಗಣತಿಯಲ್ಲಿ ದಿಲ್ಲಿಯ ಜನಸಂಖ್ಯೆ ಸುಮಾರು 9 ಲಕ್ಷ. 1951ರಲ್ಲಿ 17 ಲಕ್ಷಕ್ಕೂ ಹೆಚ್ಚು. ದೇಶ ವಿಭಜನೆಯಾಗಿ ಸುಮಾರು 5 ಲಕ್ಷ ನಿರಾಶ್ರಿತರು ಇಲ್ಲಿಗೆ ಬಂದರು. ಜೊತೆಗೆ ಹೊಸ ಸರ್ಕಾರದ ಕಚೇರಿಗಳಿಗೆ ದೇಶದ ಮೂಲೆ ಮೂಲೆಗಳಿಂದ ಗುಮಾಸ್ತರು, ಸ್ಟೆನೋಗಳು, ಲೆಕ್ಕಿಗರು ಬಂದರು. ಅವರಲ್ಲಿ ಕನ್ನಡಿಗರೂ ಇದ್ದರು. ದೆಹಲಿ ಕರ್ನಾಟಕ ಸಂಘ ಹುಟ್ಟಿದ್ದು 1948ರಲ್ಲಿ, ಇನ್ನೂ ಏಕೀಕೃತ ಕರ್ನಾಟಕವೇ ಇಲ್ಲದ ಕಾಲದಲ್ಲಿ ಎಂಬುದನ್ನು ಗಮನಿಸಿ. ವಿನಯ ನಗರ (ಇಂದಿನ ಸರೋಜಿನಿ ನಗರ), ನೇತಾಜಿ ನಗರ, ಕಿದ್ವಾಯಿ ನಗರ, ಲೋದಿ ಕಾಲೋನಿ, ಆಮೇಲೆ ರಾಮಕೃಷ್ಣಪುರಂ. ಈ ಕಾಲೋನಿಗಳ ಹಳದಿ ಗೋಡೆಯ ಕ್ವಾರ್ಟರ್ಸುಗಳಲ್ಲೇ ದಿಲ್ಲಿ ಕನ್ನಡಿಗರ ಒಂದು ಇಡೀ ತಲೆಮಾರು ಸಂಸಾರ ಹೂಡಿತು.

ಆ ಮನೆಗಳ ಮುಂಭಾಗಕ್ಕೆ ಅವರು ಏನು ಮಾಡಬಹುದಿತ್ತು? ನಿಯಮದ ಪ್ರಕಾರ ಏನೂ ಇಲ್ಲ. ಸುಣ್ಣ ಬಳಿಯುವವರು ಸಿಪಿಡಬ್ಲ್ಯುಡಿ. ಕಿಟಕಿ ಬಾಗಿಲು ಕೆಟ್ಟರೆ ಹೋಗಬೇಕಾದದ್ದು ಕಾಲೋನಿಯ ‘ಎನ್‌ಕ್ವೈರಿ’ಗೆ. ಆ ಎನ್‌ಕ್ವೈರಿ ಎಂಬ ಪದಕ್ಕೆ ಸರ್ಕಾರಿ ಕಾಲೋನಿಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತಿರುವ ಒಂದು ಅರ್ಥವಿದೆ: ದೂರು ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ನು, ‘ಕಲ್ ಆಯೇಗಾ’ ಎಂಬ ಉತ್ತರ. ಸ್ವಂತ ದುಡ್ಡು ಹಾಕಿ ಗೋಡೆಗೆ ಏನಾದರೂ ಮಾಡಿಸಿದರೆ ವರ್ಗವಾದ ದಿನ ಅದೆಲ್ಲ ಮುಂದಿನವನ ಪಾಲು. ಹಾಗಾಗಿ ಬುದ್ಧಿವಂತ ಗೃಹಿಣಿಯರು ಹೊತ್ತುಕೊಂಡು ಹೋಗಬಹುದಾದ, ಅಥವಾ ಬಿಟ್ಟುಹೋದರೂ ಹೊಟ್ಟೆ ಉರಿಯದಂಥ ಅಲಂಕಾರವನ್ನೇ ಆರಿಸಿಕೊಂಡರು.

ಎಲ್ಲೋ ಗೋಡೆ ಒಡೆದಲ್ಲಿಂದ ತಂದ ಇಟ್ಟಿಗೆಗಳನ್ನು ಮಣ್ಣಿನಲ್ಲಿ ಓರೆಯಾಗಿ ಹೂತು, ಗರಗಸದ ಹಲ್ಲಿನಂತೆ ಅಂಗಳಕ್ಕೆ ಅಂಚು ಕಟ್ಟುವುದು. ಅದಕ್ಕೊಂದು ಸುಣ್ಣ, ಒಂದು ಗೇರು ಬಣ್ಣ. ಈ ಗೇರು ನಮ್ಮ ಕಾವಿ ಮಣ್ಣೇ. ಪುಡಿ ತಂದು ನೀರಲ್ಲಿ ಕದಡಿ ಮಣ್ಣಿನ ಕುಂಡಗಳಿಗೆ ಬಳಿದರೆ ಹಳೆ ಕುಂಡವೂ ಹೊಸದಾಗುತ್ತದೆ. ಎಣ್ಣೆ ಬಣ್ಣದ ಹಾಗೆ ಕುಂಡದ ರಂಧ್ರಗಳನ್ನು ಮುಚ್ಚುವುದಿಲ್ಲವಾದ್ದರಿಂದ ಗಿಡದ ಬೇರಿಗೂ ಉಸಿರಾಟ ಸರಾಗ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬೀಜ ಬಿತ್ತಿ, ನವೆಂಬರ್‌ನಲ್ಲಿ ಸಸಿ ಕಿತ್ತು ನೆಟ್ಟರೆ ಫೆಬ್ರವರಿಗೆ ಪಿಟೂನಿಯಾ, ಡಯಾಂಥಸ್, ಡೇಲಿಯಾ ತುಂಬಿ ತುಳುಕುತ್ತವೆ. ದೊಡ್ಡ ಸಾಹೇಬರ ಬಂಗಲೆಯಲ್ಲೂ ಅವೇ ಹೂವು, ಟೈಪ್ ಎರಡರ ಮುಂದೆಯೂ ಅವೇ. ಹೂವಿಗೆ ದರ್ಜೆ ಗೊತ್ತಿಲ್ಲವಲ್ಲ.

ನಮ್ಮವರ ನಿಜವಾದ ಕಷ್ಟ ತುಳಸಿ. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ರಾತ್ರಿ ರೈಲಿನಲ್ಲಿ ತಂದ ಗಿಡ ದಿಲ್ಲಿಯ ಬೇಸಿಗೆಯನ್ನು ಹೇಗೋ ದಾಟುತ್ತಿತ್ತು. ಉತ್ಥಾನ ದ್ವಾದಶಿಗೆ ಮದುವೆಯನ್ನೂ ಮಾಡಿಸಿಕೊಳ್ಳುತ್ತಿತ್ತು. ಡಿಸೆಂಬರ್ ಕೊನೆಯ ಕೊರೆತಕ್ಕೆ ಮಾತ್ರ ಒಂದೇ ರಾತ್ರಿಯಲ್ಲಿ ಎಲೆಯೆಲ್ಲ ಕಪ್ಪಾಗಿಬಿಡುತ್ತಿತ್ತು. ಅದಕ್ಕೆ ಸಂಜೆಯಾದೊಡನೆ ಹಳೆ ಪಂಚೆಯೋ ಸೀರೆಯೋ ಹೊದಿಸಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯುವುದು. ಚಳಿಗಾಲದಲ್ಲಿ ಸಾಲು ಮನೆಗಳ ಮುಂದೆ ಸೀರೆ ಹೊದ್ದು ನಿಂತ ಕುಂಡ ಕಂಡರೆ ದಕ್ಷಿಣದವರ ಮನೆ ಎಂದು ಹೇಳಬಹುದಿತ್ತು. ಜೊತೆಗೆ ಮೆಟ್ಟಿಲ ಮೇಲೊಂದು ಎಳೆ ರಂಗೋಲಿ. ಆ ಕಾಲದ ಪಂಜಾಬಿ ನೆರೆಯವರು ಅದನ್ನು ದಾಟಲು ಹೆದರಿ, ‘ಯೇ ಕ್ಯಾ ಹೈ ಬೆಹೆನ್‌ಜೀ’ ಎಂದು ಕೇಳಿ, ದಾಟಿಕೊಂಡೇ ಬರುತ್ತಿದ್ದರು. ಈಗ ದೀಪಾವಳಿಗೆ ಅವರ ಮನೆಯ ರಂಗೋಲಿ ನಮ್ಮದಕ್ಕಿಂತ ದೊಡ್ಡದು!

ಸುಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇಷ್ಟು ಅಗ್ಗದ, ಇಷ್ಟು ಜಾಣ ವಸ್ತು ಇನ್ನೊಂದಿಲ್ಲ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದನ್ನು ತೆಳ್ಳಗೆ ಕದಡಿ ಗೋಡೆಗೆ ಬಳಿದಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ಅಂದರೆ ನಿಮ್ಮ ಗೋಡೆಯ ಮೇಲೆ ಕಾಗದದಷ್ಟು ತೆಳುವಾದ ಸುಣ್ಣಕಲ್ಲಿನ ಹೊದಿಕೆ. ಕ್ಷಾರ ಗುಣ ಇರುವುದರಿಂದ ಬೂಷ್ಟು, ಹುಳುಗಳೂ ದೂರ. ಹಳದಿ ಛಾಯೆ ಕಾಣದಿರಲಿ ಎಂದು ಚಿಟಿಕೆ ನೀಲಿ, ಉದುರದಿರಲಿ ಎಂದು ಸ್ವಲ್ಪ ಅಂಟು. ಮೂಂಜ್ ಹುಲ್ಲಿನ ಕುಂಚದಲ್ಲಿ ಒಮ್ಮೆ ಮೇಲಿಂದ ಕೆಳಗೆ, ಒಮ್ಮೆ ಅಡ್ಡಕ್ಕೆ. ಗೋಡೆಯನ್ನು ಮೊದಲೇ ನೀರಿನಿಂದ ತೋಯಿಸಿಕೊಳ್ಳಬೇಕು, ನಿಧಾನವಾಗಿ ಒಣಗಿದಷ್ಟೂ ಗಟ್ಟಿ. ಮೇ ತಿಂಗಳ ಬಿಸಿಲಲ್ಲಿ ಬಳಿದ ಸುಣ್ಣ ಕೈಗೆ ಹತ್ತುವುದು, ಅಕ್ಟೋಬರ್‌ನಲ್ಲಿ ಬಳಿದದ್ದು ನಿಲ್ಲುವುದು ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಪೇಂಟ್ ಬಳಿದ ಗೋಡೆಯ ಮೇಲೆ ಮಾತ್ರ ಸುಣ್ಣ ಹಿಡಿಯುವುದಿಲ್ಲ, ಆ ಪ್ರಯತ್ನಕ್ಕೆ ಕೈಹಾಕಬೇಡಿ.

ಸುಣ್ಣದ ಸಾಮ್ರಾಜ್ಯಕ್ಕೆ ಪೆಟ್ಟು ಬಿದ್ದದ್ದು ಐವತ್ತರ ದಶಕದಿಂದ. ಡಿಸ್ಟೆಂಪರ್ ಬಂತು, ಹೊರಗೋಡೆಗೆ ಸ್ನೋಸೆಮ್ ಬಂತು. ಮಧ್ಯಮ ವರ್ಗಕ್ಕೆ ಬಣ್ಣದ ಆಸೆ ಹಚ್ಚಿದವರಲ್ಲಿ ಒಬ್ಬ ತುಂಟ ಹುಡುಗನೂ ಇದ್ದಾನೆ. ಹಣೆಯ ಮೇಲೆ ಕೂದಲು ಇಳಿಬಿಟ್ಟು, ಕೈಯಲ್ಲಿ ಬಣ್ಣ ಸೋರುವ ಕುಂಚ ಹಿಡಿದ ಏಷ್ಯನ್ ಪೇಂಟ್ಸ್‌ನ ಗಟ್ಟು. 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಅಂದ ಹಾಗೆ ಮೈಸೂರಿಗೂ ಬಣ್ಣಕ್ಕೂ ಇನ್ನೊಂದು ನಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್. ಚುನಾವಣೆ ಬಂದಾಗ ನಿಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಯದೇ.

ಲಾಜಪತ್ ನಗರ, ಪಟೇಲ್ ನಗರ, ರಾಜೇಂದ್ರ ನಗರಗಳಲ್ಲಿ ನೆಲೆ ಕಂಡ ನಿರಾಶ್ರಿತರ ಕತೆ ಬೇರೆ ದಾರಿ ಹಿಡಿಯಿತು. ಎಲ್ಲ ಕಳೆದುಕೊಂಡು ಬಂದವರು, ಸಿಕ್ಕ ಚಿಕ್ಕ ಮನೆಯನ್ನು ಕೈಯಲ್ಲಿ ಕಾಸು ಆಡಿದಂತೆಲ್ಲ ಏರಿಸುತ್ತಾ ಹೋದರು. ಮುಂದಿನ ತಲೆಮಾರು ಕಂಬ, ಕಮಾನು, ಗ್ರೀಕ್ ದೇವತೆಗಳನ್ನೂ ತಂದು ನಿಲ್ಲಿಸಿತು. ವಾಸ್ತುಶಿಲ್ಪಿ ಗೌತಮ್ ಭಾಟಿಯಾ ಇದಕ್ಕೆ ‘ಪಂಜಾಬಿ ಬರೋಕ್’ ಎಂದು ಹೆಸರಿಟ್ಟು 1994ರಲ್ಲಿ ಪುಸ್ತಕವನ್ನೇ ಬರೆದರು. ನಾವು ನಗುತ್ತೇವೆ, ನಿಜ. ಆದರೆ ಒಂದೇ ರಾತ್ರಿಯಲ್ಲಿ ಮನೆ ಕಳೆದುಕೊಂಡವರ ಮಕ್ಕಳು ಬಾಗಿಲಿಗೆ ಸ್ವಲ್ಪ ಹೆಚ್ಚೇ ಖರ್ಚು ಮಾಡಿದರೆ ನಗುವ ಹಕ್ಕು ನಮಗೆಷ್ಟಿದೆಯೋ.

1957ರಲ್ಲಿ ಡಿಡಿಎ ಬಂತು. 1979ರಲ್ಲಿ ಅದು ಹೊಸ ನೋಂದಣಿ ಯೋಜನೆ ತೆರೆದಾಗ ಸುಮಾರು 1.7 ಲಕ್ಷ ಜನ ಹೆಸರು ಬರೆಸಿದರು. ಅವರಲ್ಲಿ ಅನೇಕರು ಹತ್ತಿಪ್ಪತ್ತು ವರ್ಷ ಕಾದರು. ಅಂತೂ ಕೀಲಿಕೈ ಸಿಕ್ಕಾಗ ಮಾಡಿದ ಮೊದಲ ಕೆಲಸ ಬಾಲ್ಕನಿಗೆ ಗ್ರಿಲ್, ಎರಡನೆಯದು ಬಾಗಿಲಿಗೆ ಹೆಸರಿನ ಫಲಕ.

ಕ್ವಾರ್ಟರ್ಸುಗಳಿಗೆ ಮರಳಿ ಬರೋಣ. 2016ರ ಜುಲೈನಲ್ಲಿ ಕೇಂದ್ರ ಸಂಪುಟ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಸೇರಿ ಏಳು ಕಾಲೋನಿಗಳನ್ನು ಕೆಡವಿ ಕಟ್ಟಲು ಒಪ್ಪಿಗೆ ಕೊಟ್ಟಿತು. 12,970 ಹಳೆ ಮನೆಗಳ ಜಾಗದಲ್ಲಿ ಸುಮಾರು 25,667 ಹೊಸ ಮನೆಗಳು, ಬಹುಮಹಡಿಯಲ್ಲಿ. 2018ರಲ್ಲಿ ಮರಗಳಿಗೆ ಕೊಡಲಿ ಬೀಳತೊಡಗಿದಾಗ ಜನ ಬೀದಿಗಿಳಿದು ಮರಗಳನ್ನು ಅಪ್ಪಿಕೊಂಡರು, ಹೈಕೋರ್ಟ್ ತಡೆ ಕೊಟ್ಟಿತು. ಮರಗಳ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಓರೆ ಇಟ್ಟಿಗೆಯ ಅಂಚಿನ ಅಂಗಳಗಳ ಲೆಕ್ಕ ಯಾರೂ ಇಡಲಿಲ್ಲ. ಹೊಸ ಮನೆಗಳು ಬೇಕಿತ್ತು, ಹಳೆಯವು ಸೋರುತ್ತಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೆಲದ ಮೇಲೆ ಒಂದು ಚಾಪೆಯಗಲದ ಮಣ್ಣನ್ನು ತನ್ನದೆಂದು ಮಾಡಿಕೊಳ್ಳುವ ಅವಕಾಶ ಟೈಪ್ ಎರಡರ ಗುಮಾಸ್ತನಿಗೆ ಇನ್ನು ಹತ್ತನೇ ಮಹಡಿಯಲ್ಲಿ ಸಿಗುವುದಿಲ್ಲ.

ಉಳಿದುಕೊಂಡದ್ದು ಲೋದಿ ಕಾಲೋನಿ. ಬ್ರಿಟಿಷರು ನಲವತ್ತರ ದಶಕದಲ್ಲಿ ಕಟ್ಟಿದ, ಎತ್ತರದ ಕಮಾನುಗಳ ಈ ಕ್ವಾರ್ಟರ್ಸುಗಳು ನಮ್ಮ ಕನ್ನಡ ಶಾಲೆಗೆ ಹತ್ತಿರ, ಹಾಗಾಗಿ ನಿಮ್ಮಲ್ಲಿ ಹಲವರಿಗೆ ಗಲ್ಲಿ ಗಲ್ಲಿ ಪರಿಚಯ. 2016ರ ಸುಮಾರಿಗೆ ಸ್ಟಾರ್ಟ್ ಇಂಡಿಯಾ ಫೌಂಡೇಶನ್‌ನವರು ದೇಶ ವಿದೇಶದ ಕಲಾವಿದರನ್ನು ಕರೆಸಿ ಅಲ್ಲಿನ ಗೋಡೆಗಳಿಗೆ ಚಿತ್ರ ಬರೆಸಿದರು. ಈಗ ಐವತ್ತಕ್ಕೂ ಹೆಚ್ಚು ಭಿತ್ತಿಚಿತ್ರಗಳಿವೆ. ಕ್ಯಾಮೆರಾ ಹಿಡಿದವರು ಬೆಳಿಗ್ಗೆಯೇ ಬಂದು ಸಾಲುಗಟ್ಟುತ್ತಾರೆ. ಚೆಂದವಾಗಿಯೇ ಇದೆ. ಆದರೆ ಅಲ್ಲಿ ಹೋದಾಗ ಚಿತ್ರದ ಕೆಳಗಿನ ಬಾಗಿಲುಗಳನ್ನೂ ನೋಡಿ: ಒಣಹಾಕಿದ ಬಟ್ಟೆ, ಒಂದು ಗೇರು ಕುಂಡ, ಒಂದು ಸೈಕಲ್. ಗೋಡೆಯ ಬಣ್ಣ ಈಗಲೂ ಬೇರೆಯವರದೇ, ಕುಂಡ ಮಾತ್ರ ಮನೆಯವರದು.

ಇನ್ನು ನಿಮ್ಮ ಮನೆ. ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಇಪ್ಪತ್ತು ಮಹಡಿಯ ಕಟ್ಟಡದಲ್ಲಿದ್ದರೆ ಹೊರಗೋಡೆ ಸೊಸೈಟಿಯದು, ಅದಕ್ಕೆ ಕೈಹಚ್ಚುವಂತಿಲ್ಲ. ಕಾರಿಡಾರಿನಲ್ಲಿ ಕುಂಡ, ಚಪ್ಪಲಿ ಸ್ಟ್ಯಾಂಡ್ ಇಟ್ಟರೆ ಬೆಂಕಿ ಬಿದ್ದಾಗ ಓಡಲು ಅಡ್ಡಿ ಎಂದು ನೋಟೀಸು, ಅದರಲ್ಲಿ ತಪ್ಪೂ ಇಲ್ಲ. ನಿಮಗೆ ಉಳಿದದ್ದು ಒಂದು ಬಾಗಿಲು, ಎರಡಡಿ ನೆಲ. ಹವೇಲಿಯವರು ಖರ್ಚೆಲ್ಲ ಬಾಗಿಲಿಗೇ ಮಾಡಿದ್ದು ನೆನಪಿರಲಿ. ಸೊಸೈಟಿ ಒಪ್ಪಿದರೆ ಬಾಗಿಲನ್ನು ಸೋಪಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ, ಇನಾಮೆಲ್ ಅಥವಾ ಪಾಲಿಶ್ ಎರಡು ಕೈ ಕೊಡಿಸಿ. ಭಾನುವಾರದ ಒಂದು ಬೆಳಗಿನ ಕೆಲಸ. ಹಿತ್ತಾಳೆಯ ಚಿಲಕವಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿ. ಟ್ಯೂಬ್‌ಲೈಟ್ ತೆಗೆದು ಹಳದಿ ಬೆಳಕಿನ ಬಲ್ಬು ಹಾಕಿದರೆ ಅರ್ಧ ಕೆಲಸ ಆದಂತೆ. ಕುಂಡ, ಹಣತೆಗಳಿಗೆ ಉತ್ತಮ ನಗರದ ಕುಂಬಾರರ ಓಣಿಗೆ ಹೋಗಿ, ಮಾಲ್‌ನಲ್ಲಿ ಒಂದಕ್ಕೆ ಕೊಡುವ ದುಡ್ಡಿಗೆ ಚೀಲ ತುಂಬುತ್ತದೆ. ತೋರಣದ ಸಾಮಾನಿಗೆ ಐಎನ್ಎ ಮಾರ್ಕೆಟ್ ಇದ್ದೇ ಇದೆ. ಪಿಟೂನಿಯಾ ಸಸಿ ಬಾಲ್ಕನಿಗೆ, ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು.

ಹೆಸರಿನ ಫಲಕ ಕನ್ನಡದಲ್ಲೂ ಇರಲಿ ಎನ್ನುವವರಿಗೆ ಒಂದು ಎಚ್ಚರಿಕೆ. ಇಲ್ಲಿನ ಬೋರ್ಡ್ ಬರೆಯುವವರಿಗೆ ನಮ್ಮ ಲಿಪಿ ಬರಿಯ ಚಿತ್ರ. ಒತ್ತಕ್ಷರ ಎಲ್ಲಿಗೋ ಹಾರಿ ‘ಕೃಷ್ಣಪ್ಪ’ನವರು ಬೇರೆ ಯಾರೋ ಆಗಿಬಿಡುತ್ತಾರೆ. ಕಂಪ್ಯೂಟರಿನಲ್ಲಿ ದೊಡ್ಡದಾಗಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಅದರ ಮೇಲೆಯೇ ಗೆರೆ ಎಳೆಯಲು ಹೇಳಿ, ಬರೆದು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ. ಚಹಾ ನಿಮ್ಮ ಲೆಕ್ಕದಲ್ಲಿ.

ತುಳಸಿಗೆ ಹೊದಿಸಲು ಹಳೆ ಸೀರೆಯೊಂದನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಡಿಸೆಂಬರ್ ಬಂದೇಬಿಟ್ಟಿತು.